ಬಲಗಡೆಯ ಒಳಜೇಬು

ಟೈಪಕ್ಕನ ಕಾದಂಬರಿಗಳಲ್ಲಿ ಹೆಣ ಎದ್ದು ಕೂರುವುದಿಲ್ಲ, ಕಣ್ಣು ಬಿಟ್ಟು ಕೊಲೆಗಾರನತ್ತ ಬೆರಳು ಮಾಡುವುದಿಲ್ಲ, ಸತ್ತ ಮರುದಿನ ಬುಳುಬುಳು ರಕ್ತ ಸುರಿಸುವುದಿಲ್ಲ. ಅಂಥ ಉಸಾಬರಿಯನ್ನೆಲ್ಲ ಬೇರೆ ಪತ್ತೇದಾರಿ ಲೇಖಕರ ಹೆಣಗಳು ನೋಡಿಕೊಳ್ಳುತ್ತವೆ. ಇವರ ಹೆಣಗಳು ಸುಮ್ಮನೆ ಮಲಗಿರುತ್ತವೆ. ಓದುವವರಿಗೆ ಮೈ ಜುಮ್ಮೆನ್ನುವುದು ಅದಕ್ಕೇ. ಅವರ ಪುಸ್ತಕಗಳ ಕರಡು ತಿದ್ದಿದವನು ನಾನು, ಮೊದಲನೆಯದರಿಂದ ಇವತ್ತಿನವರೆಗೆ. ಹಾಗಾಗಿ ಅವರ ಬಗ್ಗೆ ನಾಲ್ಕು ಮಾತು ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಇಲ್ಲ ಎನ್ನುವವರು ಪ್ರೆಸ್ಸಿಗೆ ಬಂದು ಜಗಳ ಆಡಲಿ, ನನಗೇನೂ ಬೇಜಾರಿಲ್ಲ.

ಟೈಪಕ್ಕ ಎಂಬುದು ಆಸ್ಪತ್ರೆಯವರು ಇಟ್ಟ ಹೆಸರು. ಪುಸ್ತಕದ ರಟ್ಟಿನ ಮೇಲೆ ಇರುವುದು ಬೇರೆ, ಅದೂ ಗಂಡಸಿನ ಹೆಸರು. ನಮ್ಮ ಪ್ರಕಾಶಕರು, "ಹೆಂಗಸು ಹೆಣ ಕೊಯ್ಯೋ ಕಥೆ ಬರೆದ್ರೆ ಯಾರಮ್ಮಾ ಕೊಂಡ್ಕೋತಾರೆ?" ಎಂದು ತಾವೇ ಒಂದು ಹೆಸರು ಹುಡುಕಿ ಅಂಟಿಸಿದರು. ಅಕ್ಕ ಬೇಡ ಎನ್ನಲಿಲ್ಲ. ಓದುಗರು ಆ ಹೆಸರಿಗೆ ಪತ್ರ ಬರೆಯುತ್ತಿದ್ದರು, ಸಾರ್, ಸಾರ್ ಎಂದು. ಕೆಲವು ಹುಡುಗಿಯರು ಮದುವೆಯಾಗುತ್ತೀರಾ ಎಂದೂ ಕೇಳಿದ್ದುಂಟು. ಅಕ್ಕ ಅವಕ್ಕೆಲ್ಲ ಶಿಸ್ತಾಗಿ ಉತ್ತರ ಕೊಡುತ್ತಿದ್ದರು: "ನನಗೆ ಈಗಾಗಲೇ ಸಂಸಾರವಿದೆ." ಸುಳ್ಳು. ಸಂಸಾರ ಅಂತ ಇದ್ದದ್ದು ತಾಯಿ ಒಬ್ಬರೇ. ಅವರೂ ಹೋದ ಮೇಲೆ ಮಹಡಿಯ ಮೇಲಿನ ಎರಡು ಕೋಣೆ, ಒಂದು ಕಿಟಕಿ, ಒಂದು ಮಂಚ, ಮತ್ತು ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಸದಾ ಮಡಚಿದ ಬಟ್ಟೆ. ನಾನು ಹೋದಾಗ ಮಾತ್ರ ಆ ಬಟ್ಟೆ ಮಂಚಕ್ಕೆ ಹೋಗುತ್ತಿತ್ತು.

ಅವರ ಕೆಲಸದ ಜಾಗ ದೊಡ್ಡಾಸ್ಪತ್ರೆಯ ಹಿಂಬದಿ. ಬಟ್ಟೆ ಒಗೆಯುವ ಕೋಣೆ ದಾಟಿ, ಮುರಿದ ಮಂಚಗಳ ರಾಶಿ ದಾಟಿದರೆ ಶವಾಗಾರ. ಅದಕ್ಕೆ ಅಂಟಿಕೊಂಡ ಹಾಗೆ ಒಂದು ಗೂಡಿನಂಥ ಕೋಣೆ, ಅದರಲ್ಲಿ ಒಂದು ಮೇಜು, ಒಂದು ಟೈಪ್‌ರೈಟರು, ಗೋಡೆಯಲ್ಲಿ ಪುಟ್ಟ ಕಿಂಡಿ. ಕಿಂಡಿಯ ಆಚೆ ಡಾಕ್ಟರು ಪೋಸ್ಟ್‌ಮಾರ್ಟಂ ಮಾಡುತ್ತ ಜೋರಾಗಿ ಹೇಳುತ್ತಾರೆ, ಈಚೆ ಅಕ್ಕ ಟಕಟಕ ಕುಟ್ಟುತ್ತಾರೆ. ಶ್ವಾಸಕೋಶ ಇಷ್ಟು ತೂಕ, ಹೊಟ್ಟೆಯಲ್ಲಿ ಇಂಥದ್ದು, ಗಾಯದ ಉದ್ದ ಇಷ್ಟು. ಡಾಕ್ಟರು ಒಳ್ಳೆಯ ಮನುಷ್ಯ, ಆದರೆ ಬಟ್ಟೆಬರೆಯ ವಿವರ ಹೇಳುವುದೆಂದರೆ ಅವರಿಗೆ ತಲೆನೋವು. "ಚರ್ಮದಿಂದ ಒಳಗೆ ನಂದು, ಚರ್ಮದಿಂದ ಹೊರಗೆ ನಿಂದು ಕಣಮ್ಮಾ" ಎಂದು ಸತ್ತವರ ಬಟ್ಟೆಯನ್ನು ಗಂಟು ಕಟ್ಟಿ ಕಿಂಡಿಯಿಂದ ತಳ್ಳಿಬಿಡುತ್ತಿದ್ದರು. ಆಸ್ಪತ್ರೆಯ ನಿಯಮದಲ್ಲಿ ಅದಕ್ಕೆ ಜಾಗವಿಲ್ಲದಿರಬಹುದು, ಆದರೆ ನಡೆದುಕೊಂಡು ಬಂದದ್ದು ಹಾಗೆ. ಹೀಗೆ ಅಕ್ಕ ಎಷ್ಟೋ ಜನರ ಅಂಗಿ, ಲಂಗ, ಚಪ್ಪಲಿ, ಕರವಸ್ತ್ರಗಳನ್ನು ಮೇಜಿನ ಮೇಲೆ ಹರವಿ, ತಿರುಗಿಸಿ, ಒಳಮಗ್ಗುಲು ನೋಡಿ, ವಿವರ ಬರೆದರು.

ಈ ಕೆಲಸದಿಂದ ಅವರಿಗೆ ಎರಡು ಸಂಗತಿ ಆದವು. ಒಂದು, ಬಂಧುಬಳಗ ದೂರವಾಯಿತು. ಯಾರೂ ಬಾಯಿಬಿಟ್ಟು ಬೇಡ ಎನ್ನಲಿಲ್ಲ, ಆದರೆ ಮದುವೆಗೆ ಕರೆಯುವುದು ಕಡೇ ಗಳಿಗೆಯಲ್ಲಿ, ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದರೆ "ಈಗಷ್ಟೇ ನಿದ್ದೆ ಹತ್ತಿದೆ" ಎನ್ನುವುದು. ತಂಗಿಯ ಮನೆಯಲ್ಲಿ ಅವರಿಗೆಂದೇ ಬೇರೆ ಲೋಟ ಇತ್ತು. ಇದನ್ನು ಅಕ್ಕ ನನಗೆ ನಗುತ್ತ ಹೇಳಿದ್ದರು. ನನಗೆ ನಗು ಬರಲಿಲ್ಲ, ಆ ತಂಗಿಯನ್ನು ಹುಡುಕಿಕೊಂಡು ಹೋಗಿ ನಾಲ್ಕು ಮಾತು ಬೈದು ಬರಬೇಕು ಅನಿಸಿತು.

ಇನ್ನೊಂದು, ಅನಾಥ ಶವಗಳು. ಯಾರೂ ಕೇಳಿಕೊಂಡು ಬರದವರು. ಅವರನ್ನು ಕೆಲವು ದಿನ ಇಟ್ಟುಕೊಂಡು, ಆಮೇಲೆ ಊರಾಚೆಯ ಸ್ಮಶಾನದ ಒಂದು ಮೂಲೆಯಲ್ಲಿ ಹೂಳುತ್ತಿದ್ದರು. ಅಲ್ಲಿ ಕಲ್ಲಿಲ್ಲ, ಗುರುತಿಲ್ಲ, ಜಾಗ ತುಂಬಿದರೆ ಅದೇ ನೆಲವನ್ನು ಮತ್ತೆ ಅಗೆಯುತ್ತಾರೆ. ಉಳಿದವರನ್ನು ಅಕ್ಕ ಮರೆತರು, ಇವರನ್ನು ಮರೆಯಲಾಗಲಿಲ್ಲ. ಯಾರಾದರೂ ಬಂದಾರು ಎಂದು ಬಾಗಿಲ ಕಡೆ ನೋಡುವುದೇ ಅವರ ಅಭ್ಯಾಸವಾಗಿಬಿಟ್ಟಿತ್ತು. ಸಂಜೆ ಟೈಪ್‌ರೈಟರಿಗೆ ಮುಸುಕು ಹಾಕಿದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತಿದ್ದರಂತೆ. ಮನೆಗೆ ಹೋದರೂ ಕಾಯುವವರು ಯಾರಿದ್ದರು!

ಬರೆಯಲು ಶುರುಮಾಡಿದ್ದು ಸಿಟ್ಟಿನಿಂದ. ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಪತ್ತೇದಾರಿ ಕಾದಂಬರಿ ಓದಿದರು. ಅದರಲ್ಲಿ ವಾರದ ಹಿಂದೆ ಸತ್ತವನ ಕೆನ್ನೆ ಗುಲಾಬಿಯಂತೆ ಅರಳಿತ್ತಂತೆ. "ಓದ್ತಾ ಓದ್ತಾ ಪುಸ್ತಕ ಕಿಟಕಿಯಿಂದ ಬಿಸಾಕ್ಬೇಕು ಅನ್ನಿಸ್ತು ಕಣಪ್ಪಾ" ಎಂದು ಹೇಳಿದ್ದು ನೆನಪಿದೆ. ಬಿಸಾಡಲಿಲ್ಲ. ಕೋಪ ತಣ್ಣಗಾಗುವ ಮೊದಲೇ ತಾವೇ ಒಂದು ಬರೆದು, ಟೈಪು ಮಾಡಿ, ಚೀಲದಲ್ಲಿ ಹಾಕಿಕೊಂಡು ನಮ್ಮ ಪ್ರೆಸ್ಸಿಗೆ ಬಂದರು. ಪ್ರಕಾಶಕರು ಮೂಗು ಮುರಿಯುತ್ತಲೇ ತೆಗೆದುಕೊಂಡರು. ಮಾರಾಟವಾಯಿತು, ಚೆನ್ನಾಗಿಯೇ ಆಯಿತು. ಅಲ್ಲಿಂದ ಮುಂದೆ ವರ್ಷಕ್ಕೊಂದು.

ಕಥೆಯ ನಾಯಕಿ ಒಬ್ಬಳು ಪೋಸ್ಟ್‌ಮಾರ್ಟಂ ಡಾಕ್ಟರು. ಎತ್ತರದ ಹೆಂಗಸು, ಮಾತು ಕಡಿಮೆ, ಕೋಪ ಜಾಸ್ತಿ. ಪ್ರತಿ ಕಾದಂಬರಿಯಲ್ಲೂ ಒಂದು ಗುರುತಿಲ್ಲದ ಶವ ಬರುತ್ತದೆ, ಆಕೆ ಉಗುರು, ಹಲ್ಲು, ಹೊಟ್ಟೆ, ಬಟ್ಟೆ ನೋಡಿ ಕೊಲೆ ಹೇಗಾಯಿತೆಂದು ಬಿಡಿಸುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಸತ್ತವನ ಕಡೆಯವರು ಯಾರೋ ಒಬ್ಬರು, ಅಕ್ಕನೋ ಮಗಳೋ ಹಳೆಯ ಗೆಳೆಯನೋ, ಹುಡುಕಿಕೊಂಡು ಬಂದು "ಇವನು ನಮ್ಮವನು" ಎನ್ನುತ್ತಾರೆ. ಇದೊಂದು ಮಾತ್ರ ಯಾವ ಪುಸ್ತಕದಲ್ಲೂ ತಪ್ಪುತ್ತಿರಲಿಲ್ಲ. ನಾನು ಕರಡು ಹಿಡಿದುಕೊಂಡು ರೇಗಿಸುತ್ತಿದ್ದೆ.

"ಅಕ್ಕಾ, ಈ ಸಲ ಯಾರು ಬರ್ತಾರೆ? ಸೋದರಮಾವ ಬಂದು ಬಹಳ ದಿನ ಆಯ್ತು."

"ನಿನ್ನನ್ನೇ ಕರೆಸ್ತೀನಿ, ಸುಮ್ನಿರು."

ಇನ್ನೊಂದು ಪದ್ಧತಿಯೂ ಇತ್ತು. ಅದನ್ನು ನಾನು ಗುಟ್ಟೆಂದೇ ಇಟ್ಟುಕೊಂಡಿದ್ದೆ, ಈಗ ಹೇಳುತ್ತೇನೆ. ಪ್ರತಿ ಕಾದಂಬರಿಯ ಸತ್ತವನ ಮೈಮೇಲೆ ಒಂದು ಸಂಗತಿ ನಿಜವಾದದ್ದು ಇರುತ್ತಿತ್ತು. ಅವರ ಮೇಜಿಗೆ ಬಂದ ಯಾವುದೋ ಅನಾಥ ಶವದ್ದು. ಕೊಲೆ ಕಲ್ಪನೆ, ಊರು ಕಲ್ಪನೆ, ಸತ್ತ ರೀತಿ ಇನ್ಯಾರದೋ. ಆದರೆ ಆ ಒಂದು ಗುರುತು ಮಾತ್ರ ನಿಜ. ಹಿಮ್ಮಡಿಗೆ ಸೈಕಲ್ ಟೈರಿನ ತುಂಡು ಹೊಡೆದ ಚಪ್ಪಲಿ, ಕೆಂಪು ದಾರ ಕಟ್ಟಿದ ಕನ್ನಡಕ, ಹೀಗೆ. ಯಾಕಕ್ಕಾ ಎಂದು ಕೇಳಿದ್ದೆ.

"ಯಾರಾದ್ರೂ ಓದಿ ಗುರುತು ಹಿಡೀಲಿ ಅಂತ."

"ಕಥೆ ಓದಿ ಯಾರಕ್ಕಾ ತಮ್ಮವರನ್ನ ಹುಡುಕ್ತಾರೆ?"

"ಪೇಪರ್‌ನಲ್ಲಿ ಪ್ರಕಟಣೆ ಹಾಕ್ತಾರಲ್ಲ, ಅದನ್ನ ಯಾರು ಓದ್ತಾರೆ ಹೇಳು. ನನ್ನ ಪುಸ್ತಕ ಅದಕ್ಕಿಂತ ಜಾಸ್ತಿ ಜನ ಓದ್ತಾರೆ."

ಮಾತು ಖರೆ. ಆದರೆ ಅವರು ನಿವೃತ್ತರಾಗುವ ತನಕವೂ ಒಬ್ಬರೂ ಬರಲಿಲ್ಲ. ಅಷ್ಟರಲ್ಲಿ ಆಸ್ಪತ್ರೆಯ ಹಳೆಯ ಕಾಗದಗಳಿಗೆ ಗೆದ್ದಲು ಹಿಡಿದು, ಉಳಿದದ್ದು ರದ್ದಿಗೆ ಹೋಯಿತು. ಡಾಕ್ಟರೂ ತೀರಿಕೊಂಡರು. ಆ ಅನಾಥರ ಬಗ್ಗೆ ಏನಾದರೂ ಬಲ್ಲವರೆಂದರೆ ಲೋಕದಲ್ಲಿ ಅಕ್ಕ ಒಬ್ಬರೇ ಉಳಿದರು. ಅವರ ತಲೆ ಒಂದೇ ಉಳಿಯಿತು ಎನ್ನಬೇಕು.

ಇನ್ನು ಒಳಜೇಬಿನ ಕಾದಂಬರಿ. ಅವರ ಪುಸ್ತಕಗಳಲ್ಲೆಲ್ಲ ನನಗೆ ತುಂಬ ಹಿಡಿಸಿದ್ದು ಅದೇ. ಒಬ್ಬ ಯುವಕ ಕುತ್ತಿಗೆ ಕೊಯ್ದ ಸ್ಥಿತಿಯಲ್ಲಿ ಸಿಗುತ್ತಾನೆ, ಪಕ್ಕದಲ್ಲಿ ಕ್ಷೌರದ ಕತ್ತಿ. ಆತ್ಮಹತ್ಯೆ ಎಂದು ಪೊಲೀಸರು ಕೈ ತೊಳೆದುಕೊಳ್ಳಲು ಹೊರಡುತ್ತಾರೆ. ಗಾಯ ಎಡದಿಂದ ಬಲಕ್ಕೆ ಎಳೆದದ್ದು, ಬಲಗೈಯವರು ತಾವೇ ಕೊಯ್ದುಕೊಂಡರೆ ಆಗುವ ಹಾಗೆ. ಡಾಕ್ಟರಮ್ಮ ಮಾತ್ರ ಅವನ ಅಂಗಿ ತಿರುಗಿಸಿ ನೋಡುತ್ತಾಳೆ. ಒಳಗೆ ಎದೆಯ ಬಲಭಾಗಕ್ಕೆ ಒಂದು ಕಳ್ಳಜೇಬು, ಕೈಯಲ್ಲೇ ಹೊಲಿದದ್ದು, ಅದಕ್ಕೊಂದು ಕೋಟಿನ ಗುಂಡಿ. ಜೇಬಿನ ಅಂಚು ಕೈ ಹಾಕೀ ಹಾಕೀ ಸವೆದಿದೆ. ಬಲಗಡೆ ಒಳಜೇಬು ಇಟ್ಟುಕೊಳ್ಳುವವನು ಎಡಗೈ ಹಾಕುವವನು, ಅಂದರೆ ಎಡಚ. ಎಡಚ ತನ್ನ ಕುತ್ತಿಗೆಯನ್ನು ಹೀಗೆ ಕೊಯ್ದುಕೊಳ್ಳಲಾರ. ಇದು ಕೊಲೆ! ಇಡೀ ಕಥೆ ಆ ಜೇಬಿನ ಮೇಲೆ ನಿಂತಿದೆ. ಇದರಲ್ಲಿ ನಿಜ ಯಾವುದು ಅಕ್ಕಾ ಎಂದು ಆಗ ಕೇಳಿದ್ದೆ. "ಜೇಬು" ಎಂದಿದ್ದರು, ಅಷ್ಟೇ.

ಆ ಪುಸ್ತಕ ಬಂದು ಎಷ್ಟೋ ವರ್ಷವಾದ ಮೇಲೆ, ಹೋದ ಬೇಸಿಗೆಯ ಒಂದು ಮಧ್ಯಾಹ್ನ, ಒಬ್ಬ ಹೆಂಗಸು ನಮ್ಮ ಪ್ರೆಸ್ಸಿನ ಬಾಗಿಲಲ್ಲಿ ಬಂದು ನಿಂತರು. ವಯಸ್ಸಾಗಿತ್ತು, ಅಕ್ಕನ ಓರಗೆಯೇ ಇರಬೇಕು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆದಿಡುವುದನ್ನು ಮರೆತು ಬಂದಿದ್ದರು. ಕೈಯಲ್ಲಿ ಅದೇ ಕಾದಂಬರಿ.

"ಇದನ್ನ ಬರೆದೋರು ಎಲ್ಲಿ ಸಿಗ್ತಾರೆ?"

ನಮ್ಮಲ್ಲಿ ಇದಕ್ಕೆ ಸಿದ್ಧ ಉತ್ತರ ಉಂಟು: ಸಾಹೇಬರು ಊರಲ್ಲಿಲ್ಲ. ಅದನ್ನೇ ಹೇಳಿದೆ. ಅವರು ಕದಲಲಿಲ್ಲ. ಪುಸ್ತಕ ಬಿಡಿಸಿ ಒಂದು ಪುಟಕ್ಕೆ ಬೆರಳಿಟ್ಟರು.

"ಈ ಜೇಬು ನಾನು ಹೊಲಿದಿದ್ದು."

ಕೈಯಲ್ಲಿದ್ದ ಪೆನ್ಸಿಲು ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡೆ.

ಬರೆದವರು ಸಾಹೇಬರಲ್ಲ, ಶವಾಗಾರದಲ್ಲಿ ಟೈಪು ಮಾಡುತ್ತಿದ್ದ ಅಕ್ಕ ಎಂದು ಹೇಳಿ ಕರೆದುಕೊಂಡು ಹೊರಟೆ. ದಾರಿಯಲ್ಲಿ ಅವರು ಹೇಳಿದ್ದು ಇಷ್ಟು. ಅವರು ಟೈಲರು, ಶಾಲೆ ಮಕ್ಕಳ ಬಟ್ಟೆ ಹೊಲಿಯುವುದು. ಒಬ್ಬನೇ ತಮ್ಮ. ಎಡಚ. ಕೆಲಸ ಹುಡುಕಿಕೊಂಡು ಹೊರಟಾಗ, ದುಡ್ಡು ಕಳೆದುಕೊಳ್ಳುವ ಸ್ವಭಾವದವನೆಂದು ಅಂಗಿಯ ಒಳಗೆ, ಅವನ ಎಡಗೈಗೆ ಸಿಗುವ ಹಾಗೆ ಬಲಗಡೆಗೆ ಜೇಬು ಹೊಲಿದು ಕೊಟ್ಟಿದ್ದರು. ಹೋದವನು ಪತ್ತೆಯಿಲ್ಲ. ಪೊಲೀಸ್ ಠಾಣೆ, ಆಸ್ಪತ್ರೆ, ಜೈಲು, ಎಲ್ಲ ಕಡೆ ಹುಡುಕಿ ಕೈ ಚೆಲ್ಲಿದ್ದಾಯಿತು. ಅವನಿಗಾಗಿಯೇ ಹಳೆಯ ಮನೆ ಬಿಟ್ಟು ಬೇರೆಡೆ ಹೋಗಲಿಲ್ಲವಂತೆ. ಈಚೆಗೆ ಗಿರಾಕಿ ಹುಡುಗಿಯೊಬ್ಬಳು ಬಟ್ಟೆಯ ಜೊತೆ ಈ ಪುಸ್ತಕ ಮರೆತು ಹೋದಳು. ಕರೆಂಟು ಹೋದಾಗ ಸುಮ್ಮನೆ ಬಿಡಿಸಿದರು.

"ಬಲಗಡೆ ಒಳಜೇಬು ಯಾರು ಹೊಲೀತಾರೆ ಹೇಳಿ. ನಾನು ಜೀವಮಾನದಲ್ಲಿ ಒಂದೇ ಹೊಲಿದಿರೋದು" ಎಂದರು. ಸ್ವಲ್ಪ ದೂರ ನಡೆದು, "ಆ ಕುತ್ತಿಗೆ ಕೊಯ್ಯೋ ಪುಟ ಓದಿದ ಮೇಲೆ ನಂಗೆ ಅನ್ನ ಇಳೀತಿಲ್ಲ" ಎಂದರು.

ಟೈಪಕ್ಕ ಬಾಗಿಲು ತೆರೆದರು. ನಾನು ವಿಷಯ ಹೇಳಿದೆ. ಅವರು ಹೋಗಿ ಎರಡನೆಯ ಕುರ್ಚಿಯ ಬಟ್ಟೆ ಎತ್ತಿ ಮಂಚದ ಮೇಲೆ ಹಾಕಿದರು. ಜೀವನವಿಡೀ ಕಾದದ್ದು ಇದಕ್ಕೇ ಅಲ್ಲವೇ! ನಾನಂತೂ ಬಾಗಿಲಿಗೆ ಒರಗಿ ನಿಂತು ಒಳಗೊಳಗೇ ಹಿಗ್ಗುತ್ತಿದ್ದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಟೈಲರಮ್ಮ ಕೂತವರೇ ಕೇಳಿದರು: "ಅವನನ್ನ ಕೊಯ್ದಿದ್ದು ಯಾರಮ್ಮಾ?"

"ಯಾರೂ ಕೊಯ್ದಿಲ್ಲ. ಅಯ್ಯೋ, ಅದೆಲ್ಲ ಸುಳ್ಳು. ಆ ಗಾಯ ಬೇರೆ ಯಾರದ್ದೋ, ನಾನು ತಂದು ಹಾಕಿದ್ದು. ಜೇಬಿನ ಅಂಗಿ ಹಾಕ್ಕೊಂಡಿದ್ದ ಮನುಷ್ಯನ ಮೈಮೇಲೆ ಒಂದು ಗೀರೂ ಇರಲಿಲ್ಲ. ರೈಲ್ವೆ ಸ್ಟೇಷನ್ ಬೆಂಚಿನ ಮೇಲೆ ಕೂತಿದ್ರಂತೆ. ನಿದ್ದೆ ಮಾಡ್ತಿದಾರೆ ಅಂದ್ಕೊಂಡು ಯಾರೂ ಎಬ್ಬಿಸಿಲ್ಲ. ಹೃದಯ ನಿಂತು ಹೋಗಿದ್ದು."

"ನೋವಾಗಿರತ್ತಾ?"

"ಒಂದು ಗಳಿಗೆ ಆಗಿರಬಹುದು. ಜಾಸ್ತಿ ಹೊತ್ತು ಇಲ್ಲ."

ಟೈಲರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಬಹಳ ಹೊತ್ತು ಅತ್ತರು. ಅಳು ನಿಂತ ಮೇಲೆ ಮುಖ ನಿರಾಳವಾಗಿತ್ತು. ವಯಸ್ಸೆಷ್ಟಿತ್ತು ಎಂದು ಕೇಳಿದರು. ಮೂವತ್ತರ ಆಸುಪಾಸು ಎಂದರು ಅಕ್ಕ. ಸರಿಹೋಯಿತು. ಎತ್ತರ? ಸಾಧಾರಣ. ಸರಿಹೋಯಿತು. ಬಣ್ಣ, ಕೂದಲು, ಮೈಕಟ್ಟು ಎಲ್ಲವೂ ಸಾಧಾರಣ, ಎಲ್ಲವೂ ಸರಿಹೋಯಿತು.

"ಗುಂಡಿ ಕೋಟಿಂದು ಅಂತ ಬರೆದಿದೀರಿ. ಅದು ನಂಗೆ ನೆನಪಿಲ್ಲ. ಕೈಗೆ ಸಿಕ್ಕಿದ್ದು ಹಾಕಿರ್ತೀನಿ" ಎಂದರು ಟೈಲರಮ್ಮ. ಎದ್ದು ನಿಂತು ಸೆರಗು ಸರಿಮಾಡಿಕೊಂಡರು. "ಹೂತಿರೋ ಜಾಗ ತೋರಿಸ್ತೀರಾ? ನಾಲ್ಕು ಗಂಟೆ ಬಸ್ಸಿಗೆ ಇನ್ನೂ ಹೊತ್ತಿದೆ. ಅವನ ಹತ್ರ ಸ್ವಲ್ಪ ಕೂತು ಬರ್ತೀನಿ. ಇನ್ನು ಬಾಗಿಲು ಚಿಲಕ ಹಾಕ್ಕೊಂಡು ಮಲಗಬಹುದು ನಾನು."

ಅಕ್ಕನೂ ಎದ್ದರು. ಬೀಗದ ಕೈ ತೆಗೆದುಕೊಂಡರು. ಒಂದು ಕಾಲಿಗೆ ಚಪ್ಪಲಿಯನ್ನೂ ಹಾಕಿಕೊಂಡರು. ಇನ್ನೊಂದು ಚಪ್ಪಲಿಗೆ ಕಾಲು ತೂರಿಸುವಾಗ ಅವರಿಗೆ ಏನಾಯಿತೋ, ಅಲ್ಲೇ ಗೋಡೆ ಹಿಡಿದು ನಿಂತುಬಿಟ್ಟರು.

"ಅಮ್ಮಾ, ಒಂದು ನಿಮಿಷ ಕೂತ್ಕೊಳ್ಳಿ."

"ಏನು?"

"ಜೇಬು ಬಲಗಡೆ ಇರಲಿಲ್ಲ."

ನಾನು ತಲೆ ಎತ್ತಿದೆ. ಇದು ನನಗೂ ಹೊಸ ಸುದ್ದಿ.

"ಜೇಬು ನಿಜ, ಕೈಹೊಲಿಗೆ ನಿಜ, ಗುಂಡಿ ನಿಜ. ಆದ್ರೆ ಅದು ಎಡಗಡೆ ಇತ್ತು, ಎಲ್ಲರಿಗೂ ಇರೋ ಹಾಗೆ. ಕಥೆಗೆ ಎಡಚ ಬೇಕಿತ್ತು, ಅದಕ್ಕೆ ಬಲಗಡೆಗೆ ಮಾಡ್ಕೊಂಡೆ."

ನನಗೆ ಅಕ್ಕನ ಮೇಲೆ ಎಂದೂ ಬರದ ಸಿಟ್ಟು ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು? ಆ ಹೆಂಗಸಿಗೆ ತಮ್ಮ ಸಿಕ್ಕಿದ್ದ, ಆ ಅನಾಥನಿಗೆ ಅಕ್ಕ ಸಿಕ್ಕಿದ್ದಳು, ಇಷ್ಟು ವರ್ಷ ಇವರು ಕಾದಿದ್ದವರು ಬಂದಿದ್ದರು. ಮೂವರಿಗೂ ಒಳ್ಳೆಯದಾಗುತ್ತಿದ್ದ ಕಡೆ ಸತ್ಯದ ಕಲ್ಲು ಎತ್ತಿ ಹಾಕಬೇಕಿತ್ತೇ? ಕಾದಂಬರಿ ತುಂಬ ಸುಳ್ಳು ಬರೆದವರಿಗೆ ಮನೆಯಲ್ಲಿ ಒಂದು ಸುಳ್ಳು ಹೇಳಲು ಬರಲಿಲ್ಲ.

ಟೈಲರಮ್ಮ ನಿಧಾನವಾಗಿ ಕೂತರು. "ಕಥೆಗೆ ಬೇಕಿತ್ತು ಅಂತ ಜೇಬು ಎತ್ತಿ ಆ ಕಡೆಗೆ ಹಾಕ್ಬಿಟ್ರಾ?"

"ಹೌದು."

"ಕೈಹೊಲಿಗೆ ಅಂದ್ರಿ. ನಾನೂ ಕೈಯಲ್ಲೇ ಹೊಲಿದಿದ್ದೆ, ಆಗ ನಂಗೆ ಮಷಿನ್ ಇರಲಿಲ್ಲ. ದಾರ ಯಾವ ಬಣ್ಣ ಇತ್ತು?"

ಅಕ್ಕ ಕಣ್ಣು ಮುಚ್ಚಿ ಯೋಚಿಸಿದರು. ಹಣೆ ನೆರಿಗೆಗಟ್ಟಿತು. "ನೆನಪಿಲ್ಲಮ್ಮಾ."

"ಹೊಲಿಗೆ ಸಣ್ಣದಾಗಿತ್ತಾ, ದೊಡ್ಡದಾಗಿತ್ತಾ?"

"ನೆನಪಿಲ್ಲ."

"ನೀವು ಬರೆದಿದೀರಲ್ಲ, ಸಣ್ಣ ಸಣ್ಣ ಹೊಲಿಗೆ ಅಂತ."

"ಬರೆದಿದೀನಿ. ಅದು ಕಂಡಿದ್ದೋ ಬರೆದಿದ್ದೋ ಈಗ ಗೊತ್ತಾಗ್ತಿಲ್ಲ."

ಟೈಲರಮ್ಮ ಕುತ್ತಿಗೆಯ ಟೇಪನ್ನು ಆಗ ಗಮನಿಸಿದರೇನೋ, ತೆಗೆದು ಬೆರಳಿಗೆ ಸುತ್ತತೊಡಗಿದರು. ಸಿಟ್ಟಾಗುತ್ತಾರೆ, ಕೂಗಾಡುತ್ತಾರೆ ಎಂದು ನಾನು ಕಾದೆ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಟೇಪು ಪೂರ್ತಿ ಸುತ್ತಿ ಚೀಲದೊಳಗಿಟ್ಟು, ಬಹಳ ಮೆಲ್ಲಗೆ ಮಾತಾಡಿದರು.

"ಎಡಗಡೆ ಇತ್ತು ಅಂದ್ರೆ ಅವನು ನನ್ನ ತಮ್ಮ ಅಲ್ಲ. ಸರಿ. ಆದ್ರೆ ಆ ಜೇಬನ್ನೂ ಯಾರೋ ಮನೇಲಿ ಕೂತು ಕೈಯಲ್ಲಿ ಹೊಲಿದಿರ್ತಾರೆ. ಅಮ್ಮಾನೋ ಹೆಂಡ್ತೀನೋ. ಅವರೂ ಎಲ್ಲೋ ಈ ಪುಸ್ತಕ ಓದಿರಬಹುದು. ಕೋಟಿನ ಗುಂಡಿ ಅಂತ ಓದಿ ಎದ್ದು ಕೂತಿರಬಹುದು. ಆಮೇಲೆ ಬಲಗಡೆ ಅಂತ ಓದಿ, ಅಯ್ಯೋ ನಮ್ಮವನಲ್ಲ ಅಂತ ಮಡಚಿಟ್ಟಿರಬಹುದು."

ಅಷ್ಟು ಹೇಳಿ ಎದ್ದರು. ಪುಸ್ತಕವನ್ನು ಕುರ್ಚಿಯ ಮೇಲೆಯೇ ಬಿಟ್ಟರು. ಮೆಟ್ಟಿಲು ಇಳಿದು ಹೋಗುವ ಸದ್ದು ಕೇಳುತ್ತಿತ್ತು. ಅಕ್ಕ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತಿದ್ದರು. ಅವರನ್ನು ಆ ಸ್ಥಿತಿಯಲ್ಲಿ ಬಿಟ್ಟು ನಾನು ಆ ಹೆಂಗಸಿನ ಹಿಂದೆ ಹೋಗಲೋ, ಹೆಂಗಸನ್ನು ಬಿಟ್ಟು ಇಲ್ಲೇ ಇರಲೋ ತಿಳಿಯಲಿಲ್ಲ. ಇಲ್ಲೇ ಇದ್ದೆ. ಟೀ ಮಾಡಿ ಕೊಟ್ಟೆ. ಅದು ಆರಿ ತಣ್ಣಗಾಯಿತು.

ಮಾರನೆಯ ವಾರವೇ ಅಕ್ಕ ಪ್ರೆಸ್ಸಿಗೆ ಬಂದರು. ಆ ಕಾದಂಬರಿಯನ್ನು ಮತ್ತೆ ಅಚ್ಚು ಮಾಡಬೇಕು, ಜೇಬನ್ನು ಎಡಗಡೆಗೆ ಬದಲಿಸಬೇಕು, ಇದು ಅವರ ಬೇಡಿಕೆ. ಪ್ರಕಾಶಕರು ಕಣ್ಣು ಕಣ್ಣು ಬಿಟ್ಟರು.

"ಎಡಗಡೆ ಮಾಡಿದ್ರೆ ಅವನು ಎಡಚ ಹೇಗಾಗ್ತಾನಮ್ಮಾ?"

"ಆಗಲ್ಲ."

"ಎಡಚ ಅಲ್ದಿದ್ರೆ ಕೊಲೆ ಹೇಗಾಗತ್ತೆ?"

"ಆಗಲ್ಲ."

"ಕೊಲೆ ಇಲ್ದೆ ಪತ್ತೇದಾರಿ ಕಾದಂಬರೀನಾ? ಡಾಕ್ಟರಮ್ಮ ಮುನ್ನೂರು ಪುಟ ಏನು ಮಾಡ್ತಾಳೆ, ಸ್ವೆಟರ್ ಹೆಣೀತಾಳಾ?"

ಬೇರೆ ದಿನವಾಗಿದ್ದರೆ ನಾವು ಮೂವರೂ ನಗುತ್ತಿದ್ದೆವು. ಅಕ್ಕ ನಗಲಿಲ್ಲ. ತಮ್ಮ ಕೈಯಿಂದಲೇ ಖರ್ಚು ಕೊಡುವುದಾಗಿ ಹೇಳಿದರು. ಪ್ರಕಾಶಕರು ತಲೆಯ ಮೇಲೆ ಕೈ ಹೊತ್ತು, ಕೊನೆಗೆ ಒಪ್ಪಿದರು. ಆ ಮುದುಕನ ಮೇಲೆ ನನಗೆ ಮೊದಲ ಸಲ ಗೌರವ ಮೂಡಿದ್ದು ಅವತ್ತೇ.

ಅಕ್ಕ ಕೆಲಸಕ್ಕೆ ಕೂತರು. ಕೊಲೆ ತೆಗೆದರು, ಕತ್ತಿ ತೆಗೆದರು, ಕೊನೆಯ ಅಧ್ಯಾಯದ ನೆಂಟರನ್ನು ತೆಗೆದರು. ಉಳಿದದ್ದು ಒಬ್ಬ ಮನುಷ್ಯ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಸತ್ತದ್ದು ಮತ್ತು ಒಬ್ಬ ಡಾಕ್ಟರು ಅವನನ್ನು ನೋಡಿದ್ದು. ಪುಸ್ತಕ ಬಡವಾಗಿ, ಒಂದು ಕೈಯಲ್ಲಿ ಹಿಡಿಯುವಷ್ಟಾಯಿತು. ಬರೆದದ್ದನ್ನೆಲ್ಲ ಟೈಪು ಮಾಡಿ ತಂದು ಕೊಡುತ್ತಿದ್ದರು, ನಾನು ಕರಡು ತಿದ್ದುತ್ತಿದ್ದೆ. ನನ್ನ ಎದುರು ಕೂತು ಅವರೂ ಸಾಲು ಸಾಲು ನೋಡುತ್ತಿದ್ದರು. ಮಾತು ತೀರ ಕಡಿಮೆಯಾಗಿತ್ತು. ನಾನು ರೇಗಿಸುವುದನ್ನು ಬಿಟ್ಟಿದ್ದೆ. ಆ ಜೇಬಿನ ಪುಟ ಬಂದಾಗಲೆಲ್ಲ ಮಾತ್ರ, "ಎಡಗಡೆ ಅಂತಲೇ ಇದೆಯಾ?" ಎಂದು ಕೇಳುತ್ತಿದ್ದರು. "ಎಡಗಡೆ ಅಂತಲೇ ಇದೆ ಅಕ್ಕಾ" ಎನ್ನುತ್ತಿದ್ದೆ.

ಕೊನೆಯ ಕರಡಿನ ದಿನ ಅವರು ಆ ಪುಟದ ಮೇಲೆ ಪೆನ್ಸಿಲು ಇಟ್ಟವರು ತೆಗೆಯಲೇ ಇಲ್ಲ. ಹೊರಗೆ ಬೀದಿಯಲ್ಲಿ ಶಾಲೆ ಬಿಟ್ಟ ಗಲಾಟೆ. ಅಚ್ಚಿನ ಯಂತ್ರ ನಿಂತಿತ್ತು. ನಾನು ನನ್ನ ಪುಟ ಮುಗಿಸಿ ತಲೆ ಎತ್ತಿದರೆ ಅಕ್ಕ ನನ್ನನ್ನೇ ನೋಡುತ್ತಿದ್ದರು. ಅಷ್ಟು ವಯಸ್ಸಾದವರಂತೆ ಅವರು ನನಗೆ ಎಂದೂ ಕಂಡಿರಲಿಲ್ಲ.

"ಒಂದು ಕೇಳ್ಲಾ?"

"ಕೇಳಿ ಅಕ್ಕಾ."

"ಎಡಚ ಬೇಕು ಅಂತ ನಾನು ಜೇಬನ್ನ ಬಲಗಡೆಗೆ ಮಾಡಿದೆ ಅಂತ ಆಕೆಗೆ ಹೇಳಿದ್ನಲ್ಲ."

"ಹೂಂ."

"ಎಡಚನ ಕಥೆ ನಂಗೆ ಹೊಳೆದಿದ್ದು ಯಾಕೆ ಹೇಳು. ಎಷ್ಟೋ ಅಂಗಿ ನೋಡಿದೀನಿ, ಯಾವುದನ್ನ ನೋಡಿದ್ರೂ ಆ ಯೋಚನೆ ಬಂದಿರಲಿಲ್ಲ." ಅವರ ದನಿ ಒಡೆಯಿತು. "ಜೇಬು ಬಲಗಡೆನೇ ಇತ್ತೇನೋ ಕಣಪ್ಪಾ. ಅದನ್ನ ನೋಡಿದ್ದಕ್ಕೇ ಆ ಕಥೆ ಹೊಳೀತೇನೋ. ಅಂಗಿ ಅಂದ್ರೆ ಜೇಬು ಎಡಗಡೆ ಅಂತ, ಆಮೇಲೆ ನಾನೇ ನನ್ನ ತಲೆಯಲ್ಲಿ ಎಡಗಡೆಗೆ ಮಾಡ್ಕೊಂಡ್ಬಿಟ್ನೇನೋ."

ಇಲ್ಲ ಅಕ್ಕಾ, ಎಡಗಡೆಯೇ ಇತ್ತು, ನೀವು ಸರಿಯಾಗಿಯೇ ಹೇಳಿದಿರಿ ಎಂದೆ. ನಾನೇನು ಆ ಅಂಗಿ ನೋಡಿದ್ದೆನೇ! ಅಕ್ಕನಿಗೂ ಅದು ಗೊತ್ತು. ಆದರೂ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು, ಕಂಡವನು ಹೇಳಿದ ಮಾತೇನೋ ಎಂಬಂತೆ.

"ಆಕೆನ ಹುಡುಕಿ ಕರ್ಕೊಂಡು ಬಾ. ಗೊತ್ತಿಲ್ಲ ಅಂತಲೇ ಹೇಳ್ತೀನಿ. ಇರಬಹುದು ಅಂತ ಹೇಳ್ತೀನಿ. ಹೂತ ಮೂಲೆ ಆದ್ರೂ ತೋರಿಸ್ತೀನಿ."

ನಾನು ಎದ್ದು ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋಗಿ ನಿಂತೆ. ಆ ಟೈಲರಮ್ಮನ ಊರು ಯಾವುದೆಂದು ನಾವಿಬ್ಬರೂ ಕೇಳಿರಲಿಲ್ಲ.